ಬೇಳೆ ಬೇಯದ ಬಯಲು

ಎಸ್ಕಲಾಂಟೆ ಊರು ದಾಟಿ ಐದು ಮೈಲಿ ಹೋದರೆ 12ನೇ ನಂಬರಿನ ಹೆದ್ದಾರಿಯಿಂದ ಬಲಕ್ಕೆ ಒಂದು ಮಣ್ಣುರಸ್ತೆ ತಿರುಗುತ್ತದೆ. ಹೋಲ್ ಇನ್ ದ ರಾಕ್ ರಸ್ತೆ. 1879ರ ಚಳಿಗಾಲದಲ್ಲಿ ಮಾರ್ಮನ್ ಪಂಥದ ಕುಟುಂಬಗಳು ಬಂಡಿ ಕಟ್ಟಿಕೊಂಡು ಕೊಲೊರಾಡೊ ನದಿ ದಾಟಲು ಹೋದ ದಾರಿ ಇದು. ಮಳೆ ಬಂದರೆ ಜೇಡಿಮಣ್ಣು ಚಕ್ರ ಬಿಡುವುದಿಲ್ಲ ಎಂದು ಪೆಟ್ರೋಲ್ ಬಂಕಿನವರು ಎಚ್ಚರಿಸಿದ್ದರು. ಮಾರ್ಚ್ ಕೊನೆಯ ವಾರ. ಮಳೆಯಿರಲಿಲ್ಲ, ಗಾಳಿಯಿತ್ತು. ಬಲಗಡೆ ಗೋಡೆ ಕಟ್ಟಿದ ಹಾಗೆ ಸ್ಟ್ರೇಟ್ ಕ್ಲಿಫ್ಸ್. ಅದರ ನೆತ್ತಿಯ ಮೇಲೆ ಕೈಪರೋವಿಟ್ಸ್ ಪ್ರಸ್ಥಭೂಮಿ. ಎಡಕ್ಕೆ ಕೆಂಪು ಬಂಡೆ, ಬೂದುಬಣ್ಣದ ಸೇಜ್ ಪೊದೆ, ಗಂಟುಗಂಟಾದ ಜೂನಿಪರ್ ಮರ.

ಅಮೆರಿಕದ ಯೂಟಾ ರಾಜ್ಯದ ಈ ಮೂಲೆಗೆ ಜನ ಫೋಟೊ ತೆಗೆಯಲು ಬರುತ್ತಾರೆ. ನಾನು ಬಂದದ್ದು ಪಕ್ಕದ ಸೀಟಿನಲ್ಲಿದ್ದ ಗೆಳತಿಯ ಜೊತೆಗೆ. ಹದಿನಾರನೇ ವಯಸ್ಸಿನಲ್ಲಿ ಇದೇ ರಾಜ್ಯದ, ಇಂಥದೇ ಒಂದು ಬಯಲಿನಲ್ಲಿ ಅವಳನ್ನು ಒಂಬತ್ತು ವಾರ ಇಟ್ಟಿದ್ದರು. ದಾರಿ ತಪ್ಪಿದ ಮಕ್ಕಳನ್ನು ಕಾಡಿನಲ್ಲಿ ನಡೆಸಿ ಸರಿಮಾಡುತ್ತೇವೆ ಎನ್ನುವ ಸಂಸ್ಥೆ ಅದು. 'ವೈಲ್ಡರ್ನೆಸ್ ಥೆರಪಿ' ಎನ್ನುತ್ತಾರೆ. ಅವಳು ಮಾಡಿದ ತಪ್ಪೆಂದರೆ ಶಾಲೆಗೆ ಚಕ್ಕರ್ ಹೊಡೆದದ್ದು, ಅಮ್ಮನಿಗೆ ಎದುರಾಡಿದ್ದು.

"ಬೆಳಗಿನ ಜಾವ ನಾಲ್ಕು ಗಂಟೆಗೆ ಗುರುತಿಲ್ಲದ ಇಬ್ಬರು ಗಂಡಸರು ನನ್ನ ಕೋಣೆಯ ದೀಪ ಹಾಕಿದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಳುತ್ತಿದ್ದಳು, ಆದರೆ ತಡೆಯಲಿಲ್ಲ" ಎಂದಳು. ಮಕ್ಕಳನ್ನು ಹೀಗೆ ಎತ್ತಿಕೊಂಡು ಹೋಗುವುದೇ ಅಲ್ಲಿ ಒಂದು ಕಸುಬು. ಹೆತ್ತವರ ಸಹಿಯಿದ್ದರೆ ಸಾಕು.

ಹನ್ನೆರಡು ಮೈಲಿ ಒಳಗೆ ಡೆವಿಲ್ಸ್ ಗಾರ್ಡನ್ ಎಂಬ ಕಲ್ಲಿನ ತೋಪು. ಕಾರು ನಿಲ್ಲಿಸಿ ಇಳಿದೆವು. ನೆರಳಿನಲ್ಲಿ ಹಿಮದ ತುಣುಕು ಇನ್ನೂ ಉಳಿದಿತ್ತು. ಬಂಡೆಗಳು ಎಷ್ಟು ಚೆಂದ ಎಂದರೆ, ನಮ್ಮ ಬಾದಾಮಿಯ ಸಂಜೆಗೆಂಪು ನೆನಪಾಯಿತು. ಈ ನೆಲದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಇಲ್ಲಿಯ ಹಸಿವನ್ನೂ ಚಳಿಯನ್ನೂ ಬೆತ್ತದ ಹಾಗೆ ಕೈಗೆತ್ತಿಕೊಂಡವರ ಮೇಲೆ.

ಇದರ ಬೇರು ಯೂಟಾದಲ್ಲೇ ಇದೆ. 1968ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಲ್ಯಾರಿ ಡೀನ್ ಓಲ್ಸನ್, ಓದಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳನ್ನು ಮರುಭೂಮಿಗೆ ಕರೆದೊಯ್ದು ಬದುಕುಳಿಯುವ ವಿದ್ಯೆ ಕಲಿಸಿದರು. ಆ ಹುಡುಗರು ಒಪ್ಪಿ ಹೋದವರು. ಇಪ್ಪತ್ತು ವರ್ಷದ ನಂತರ, 1988ರಲ್ಲಿ, ಸ್ಟೀವ್ ಕಾರ್ಟಿಸಾನೊ 'ಚಾಲೆಂಜರ್' ಎಂಬ ಸಂಸ್ಥೆ ಕಟ್ಟಿದಾಗ ಒಪ್ಪಿಗೆಯ ಮಾತು ಬಿದ್ದುಹೋಗಿತ್ತು. 1990ರ ಜೂನ್ ತಿಂಗಳಿನಲ್ಲಿ, ನಮ್ಮ ಬಲಕ್ಕೆ ಕಾಣುತ್ತಿದ್ದ ಆ ಪ್ರಸ್ಥಭೂಮಿಯ ಮೇಲೆ, ಅವರ ಶಿಬಿರದ 16ರ ಹುಡುಗಿಯೊಬ್ಬಳು ಬಿಸಿಲಿನ ಹೊಡೆತಕ್ಕೆ ನಡೆಯುತ್ತಲೇ ಕುಸಿದು ಸತ್ತಳು. ಅದರ ಹಿಂದಿನ ತಿಂಗಳು ಬೇರೊಂದು ಶಿಬಿರದಲ್ಲಿ 15ರ ಹುಡುಗಿ ನೀರಿಲ್ಲದೆ ಸತ್ತಿದ್ದಳು. ಆಮೇಲೆ ರಾಜ್ಯ ನಿಯಮ ತಂದಿತು: ದಿನಕ್ಕೆ ಕನಿಷ್ಠ 1800 ಕ್ಯಾಲೊರಿ ಊಟ ಕೊಡಬೇಕು.

ನಿಯಮ ಬಂದ ಮೇಲೂ, 1994ರಲ್ಲಿ, ಇದೇ ಎಸ್ಕಲಾಂಟೆ ಸುತ್ತಲಿನ ಕಣಿವೆಯಲ್ಲಿ 16ರ ಹುಡುಗನೊಬ್ಬ ದಿನಗಟ್ಟಲೆ ಊಟವಿಲ್ಲದೆ ನಡೆದ. ಎಷ್ಟೋ ರಾತ್ರಿ ಅವನಿಗೆ ಮಲಗುವ ಚೀಲವೂ ಇರಲಿಲ್ಲ. ಹೊಟ್ಟೆನೋವು ಎಂದ. ನಾಟಕ ಎಂದರು. ಬಿದ್ದ. ನಾಟಕ ಎಂದರು. ಹುಣ್ಣು ಒಡೆದು ಸೋಂಕು ಹೊಟ್ಟೆಗೆಲ್ಲ ಹರಡಿ ಮಾರ್ಚ್ 31ರಂದು ಅವನು ಸತ್ತ. ಇಪ್ಪತ್ತಕ್ಕೂ ಹೆಚ್ಚು ಪೌಂಡ್ ತೂಕ ಇಳಿದಿದ್ದ. ತಾನು ಹಸಿದಿದ್ದನ್ನು, ಚಳಿಗೆ ನಡುಗಿದ್ದನ್ನು ಆ ಹುಡುಗ ದಿನಚರಿಯಲ್ಲಿ ಬರೆದಿಟ್ಟಿದ್ದ. ಹೇಳಿದ್ದನ್ನು ಯಾರೂ ನಂಬದೇ ಇದ್ದಾಗ ಮಗು ಇನ್ನೇನು ಮಾಡೀತು?

ನನ್ನ ಗೆಳತಿಯ ಮಾತೂ ಅದೇ. "ಹೊಡೆತ ಮರೆಯಬಹುದು. ಕಾಲಿನ ಬೊಬ್ಬೆ ಒಡೆದು ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ತೋರಿಸಿದರೆ, 'ನಿನ್ನ ಆಟ ಇಲ್ಲಿ ನಡೆಯೋಲ್ಲ' ಅಂದರು. ಮನೆಗೆ ಬರೆದರೆ, ಮಗು ಹೀಗೆಲ್ಲ ಸುಳ್ಳು ಬರೆಯುತ್ತೆ, ಕರಗಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದರು." ರಾತ್ರಿ ಓಡಿಹೋಗದಂತೆ ಶೂ ಕಿತ್ತಿಟ್ಟುಕೊಳ್ಳುತ್ತಿದ್ದರು. ಬಹಿರ್ದೆಸೆಗೆ ಪೊದೆಯ ಹಿಂದೆ ಹೋದರೆ ಎದ್ದು ಬರುವವರೆಗೂ ತನ್ನ ಹೆಸರನ್ನು ತಾನೇ ಕೂಗುತ್ತಿರಬೇಕಿತ್ತು.

ಊಟ ಅಕ್ಕಿ, ಬೇಳೆ. ಅದನ್ನು ಕೇಳಿ ನನಗೆ ಕಣ್ಣು ತುಂಬಿತು. ನಮಗೆ ಅನ್ನ, ಬೇಳೆ ಎಂದರೆ ಮನೆ. ಜ್ವರ ಬಿಟ್ಟ ಮಗುವಿಗೆ ಮೊದಲು ಕೊಡುವುದು ಅದನ್ನೇ. ಅಲ್ಲಿ ಅರಣಿ ಕಡೆದ ಹಾಗೆ ಕಡ್ಡಿಗೆ ಬಿಲ್ಲಿನ ಹಗ್ಗ ಸುತ್ತಿ ತಿರುಗಿಸಿ, ತಾನೇ ಕಿಡಿ ಹುಟ್ಟಿಸಿದವರಿಗೆ ಮಾತ್ರ ಬೆಂಕಿ. ಅವಳಿಗೆ ಹದಿನೇಳು ದಿನ ಕಿಡಿ ಬರಲಿಲ್ಲ. ಹದಿನೇಳು ದಿನವೂ ತಣ್ಣೀರಿನಲ್ಲಿ ನೆನೆದ ಅಕ್ಕಿ, ಹಲ್ಲಿಗೆ ಕಟಕಟ ಎನ್ನುವ ಬೇಳೆ ತಿಂದಳು.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಇಂಥ ಹತ್ತು ಸಾವುಗಳನ್ನು ಕೆದಕಿ ವರದಿ ಕೊಟ್ಟಿತು. 2005 ಒಂದೇ ವರ್ಷದಲ್ಲಿ, ಮಕ್ಕಳನ್ನು ಇಟ್ಟುಕೊಳ್ಳುವ ಬಗೆಬಗೆಯ ಕೇಂದ್ರಗಳ 1,619 ಸಿಬ್ಬಂದಿಯ ಮೇಲೆ 33 ರಾಜ್ಯಗಳಲ್ಲಿ ದೌರ್ಜನ್ಯದ ಪ್ರಕರಣಗಳಿದ್ದವು. ವರದಿ ಬಂದು ಹದಿನಾರು ವರ್ಷ ಕಳೆದ ಮೇಲೆ, 2024ರ ಫೆಬ್ರವರಿಯಲ್ಲಿ, ಉತ್ತರ ಕ್ಯಾರೊಲಿನಾದ ಶಿಬಿರವೊಂದರಲ್ಲಿ 12ರ ಹುಡುಗ ಮೊದಲ ರಾತ್ರಿಯೇ ಉಸಿರುಗಟ್ಟಿ ಸತ್ತ. ಅವನ ಮಲಗುವ ಚೀಲಕ್ಕೆ ಅಲಾರಂ ಕಟ್ಟಿದ್ದರು. ಆ ಶಿಬಿರದ ಪರವಾನಗಿ ರದ್ದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಥ ಕೇಂದ್ರಗಳ ಬಗ್ಗೆ ಒಕ್ಕೂಟ ಸರ್ಕಾರದ ಕಾನೂನೂ ಬಂತು. ಅದು ಸದ್ಯಕ್ಕೆ ಮಾಡಿಸುವುದು ಅಧ್ಯಯನ. ನನಗೆ ಅದು ಸಾಲದು.

ಕತ್ತಲಾಗುವ ಮುಂಚೆ ಕಾರಿನ ಹಿಂದೆ ಗಾಳಿಗೆ ಮರೆಮಾಡಿ ಸಣ್ಣ ಗ್ಯಾಸ್ ಒಲೆ ಹಚ್ಚಿದೆವು. ಅಕ್ಕಿ, ಬೇಳೆ ತಂದವಳು ಅವಳೇ. ಅರಿಸಿನ, ಉಪ್ಪು ನನ್ನದು. ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಅಮ್ಮ ಮಾಡುತ್ತಿದ್ದ ಹಾಗೆ ಸೌಟಿನಿಂದ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ ತೋರಿಸಿದೆ. ಹೊರಗೆ ಮೆತ್ತಗೆ, ನಡುವೆ ಇನ್ನೂ ಬಿಳಿ ಚುಕ್ಕೆ.

ಅವಳೂ ಒಂದು ಕಾಳು ತೆಗೆದು ಹಿಸುಕಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಆಯ್ತಾ?" ಎಂದೆ.

"ಇನ್ನೂ ಸ್ವಲ್ಪ" ಎಂದು ಮುಚ್ಚಳ ಮುಚ್ಚಿ, ಒಲೆಯ ಪಕ್ಕ ಕೂತಳು.