ಗಾನಮುದ್ರಿಕೆಯ ಹೊದಿಕೆ

ಸಂಗೀತ ಕಿವಿಯ ವಿಷಯ. ಅದಕ್ಕೆ ಚಿತ್ರದ ಹಂಗೇಕೆ ಎಂದು ಮಿತ್ರರು ನನ್ನನ್ನು ಕೇಳುವುದುಂಟು. ಅಮೆರಿಕದಲ್ಲಿ ಗ್ರಾಮಫೋನ್ ತಟ್ಟೆಗಳು ಬಹುಕಾಲ ಬರಿಯ ಕಂದು ಕಾಗದದ ಚೀಲಗಳಲ್ಲಿ, ಇಲ್ಲವೆ ಚಿತ್ರವಿಲ್ಲದ ರಟ್ಟಿನ ಆಲ್ಬಮ್ಮುಗಳಲ್ಲಿ ಮಾರಾಟವಾಗುತ್ತಿದ್ದವು. 1940ರಲ್ಲಿ ಕೊಲಂಬಿಯ ಕಂಪೆನಿಯ ತರುಣ ಕಲಾವಿದ ಅಲೆಕ್ಸ್ ಸ್ಟೈನ್‌ವೈಸ್ ಅವುಗಳಿಗೆ ಚಿತ್ರದ ಹೊದಿಕೆ ತೊಡಿಸಿದನು. ಹಾಡು ಕೇಳುವ ಮೊದಲೇ ಅದರ ಭಾವ ಕಣ್ಣಿಗೆ ಬೀಳಲೆಂಬುದು ಅವನ ಉದ್ದೇಶ. 1948ರಲ್ಲಿ ಬಂದ 12 ಅಂಗುಲದ ಲಾಂಗ್ ಪ್ಲೇ ತಟ್ಟೆ ಚಿತ್ರಕಾರರಿಗೆ ವಿಶಾಲವಾದ ಚೌಕವನ್ನೇ ಒದಗಿಸಿತು. 1968ರಲ್ಲಿ ರಾಬರ್ಟ್ ಕ್ರಂಬ್ ‘ಚೀಪ್ ಥ್ರಿಲ್ಸ್’ ಮುದ್ರಿಕೆಯ ಹಾಡುಗಳನ್ನೂ ಹಾಡಿದವರನ್ನೂ ಆ ಚೌಕದಲ್ಲಿ ಕಾಮಿಕ್ಸ್ ಪುಟದಂತೆ ಚಿತ್ರಿಸಿದನು.

ಇಂದು ಹಾಡು ಮೊಬೈಲಿಗೇ ಬರುತ್ತದೆ, ಚಿತ್ರವೋ ಉಗುರಿನಷ್ಟಾಗಿದೆ. ಹಾಡನ್ನು ಮಾತ್ರ ನಕಲು ಮಾಡಿಕೊಂಡು ಹಳೆಯ ತಟ್ಟೆಗಳನ್ನು ಗುಜರಿಗೆ ಹಾಕುವವರು, ನನ್ನ ಮಟ್ಟಿಗೆ, ಚಿತ್ರಶಾಲೆಯನ್ನೇ ತೂಕಕ್ಕೆ ಮಾರುತ್ತಿದ್ದಾರೆ. ಸಹಪಾಠಿಗಳೇ, ಮನೆಯ ಅಟ್ಟದಲ್ಲಿ ಅಂಥ ತಟ್ಟೆಗಳಿದ್ದರೆ ಹೊದಿಕೆಯನ್ನೂ ಜೋಪಾನವಾಗಿಡಿ.