ಬೇಜಾರಿಗೆ ಉತ್ತರ ಎಲ್ಲಿ ಸಿಗಬೇಕು?

ಕನ್ನಡದಲ್ಲಿ ‘ಬೇಜಾರು’ ಎಂಬುದು ಬಲು ಉಪಕಾರಿಯಾದ ಮಾತು. ಮಳೆ ನಿಲ್ಲದಿದ್ದರೆ ಬೇಜಾರು, ಲೋಕಲ್ ರೈಲು ತಡವಾದರೆ ಬೇಜಾರು, ದಿನವೂ ಅದೇ ಸಾರಾದರೆ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು. ಇಷ್ಟೊಂದು ಅರ್ಥಗಳನ್ನು ಒಂದೇ ಮಾತಿನ ತಲೆಯ ಮೇಲೆ ಹೊರಿಸಿರುವುದರಿಂದ, ಹದಿನೈದರ ಹುಡುಗಿ “ಅಮ್ಮಾ, ಯಾಕೋ ಬೇಜಾರು” ಎಂದಾಗ ಅದು ಯಾವ ಬೇಜಾರೆಂದು ತಿಳಿಯುವುದಿಲ್ಲ. “ಪುಸ್ತಕ ಹಿಡಿದು ಕೂತುಕೋ, ತಾನಾಗಿ ಹೋಗುತ್ತದೆ” ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ಹುಡುಗಿ ಮತ್ತೆ ಬಾಯಿ ಬಿಡುವುದಿಲ್ಲ, ಫೋನು ತೆರೆಯುತ್ತಾಳೆ.

ಅಲ್ಲಿ ಅವಳಿಗೆ ಏನು ಸಿಗುತ್ತದೆ? ಮನಸ್ಸಿನ ಆರೋಗ್ಯದ ವಿಷಯದಲ್ಲಿ ಇಂದು ತಿಳಿವಳಿಕೆಗೆ ಬರವಿಲ್ಲ. ಆದರೆ ಅದನ್ನು ಜೋಡಿಸಿಟ್ಟಿರುವ ಕ್ರಮ ವೈದ್ಯರಿಗೆ ಒಪ್ಪುವಂಥದು: ಖಿನ್ನತೆ, ಆತಂಕ, ಗೀಳು ಎಂದು ಮೊದಲು ರೋಗದ ಹೆಸರು, ಅದರ ಕೆಳಗೆ ಲಕ್ಷಣಗಳು. ಮಕ್ಕಳು ಹುಡುಕುವುದು ಇದಕ್ಕೆ ತಿರುಗುಮುರುಗಾಗಿ. ರಾತ್ರಿ ಎರಡಾದರೂ ನಿದ್ದೆಯಿಲ್ಲ. ಪ್ರಶ್ನೆಪತ್ರಿಕೆ ಕಂಡೊಡನೆ ಎದೆ ಡವಗುಟ್ಟುತ್ತದೆ. ಗೆಳತಿಯರ ಜತೆ ಕೂಡುವುದೂ ಬೇಡವೆನ್ನಿಸುತ್ತದೆ. ಇವು ಅವರಿಗೆ ಗೊತ್ತಿರುವ ಮಾತುಗಳು. ರೋಗದ ಹೆಸರೇ ಗೊತ್ತಿದ್ದರೆ ಹುಡುಕುವ ಪಾಡೇಕೆ? ಅರಿತವರು ಬಿಟ್ಟ ಈ ತೆರಪನ್ನು ಅರಿಯದವರು ತುಂಬುತ್ತಾರೆ. ಅರ್ಧ ನಿಮಿಷದ ವಿಡಿಯೊದಲ್ಲಿ ಯಾರೋ ಒಬ್ಬರು “ನಿನಗೆ ಇಂಥ ರೋಗವಿದೆ” ಎಂದು ಬಿಡುತ್ತಾರೆ. ಒಂದನ್ನು ನೋಡಿದವಳಿಗೆ ಅಂಥವೇ ಇನ್ನಿಪ್ಪತ್ತನ್ನು ಯಂತ್ರ ಬಡಿಸುತ್ತದೆ.

ಇದು ಎಲ್ಲೋ ಒಬ್ಬಿಬ್ಬರ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ಆ ಲೆಕ್ಕದಲ್ಲಿ ಅರುವತ್ತು ಮಕ್ಕಳ ತರಗತಿಯಲ್ಲಿ ನಾಲ್ವರಾದರೂ ಇದ್ದಾರು.

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ಕನ್ನಡ, ಮಹಡಿಯ ಮೆಟ್ಟಿಲಲ್ಲಿ ಮರಾಠಿಯೋ ಹಿಂದಿಯೋ, ಶಾಲೆಯಲ್ಲಿ ಇಂಗ್ಲಿಷು. ‘ಡಿಪ್ರೆಶನ್’ ಎಂಬ ಮಾತನ್ನು ಮಗು ಶಾಲೆಯಲ್ಲಿ ಕಲಿಯುತ್ತದೆ. ಮನೆಗೆ ತಂದರೆ ಅದು ಹುಚ್ಚೆಂದು ಕೇಳಿಸಿ ತಾಯಿ ಬೆದರುತ್ತಾಳೆ, ಅಜ್ಜಿ ದೇವರಿಗೆ ಹರಕೆ ಹೊರುತ್ತಾಳೆ. ‘ಖಿನ್ನತೆ’ ಎಂದು ಅನುವಾದಿಸಿದರೋ, ಅದು ಪುಸ್ತಕದಿಂದ ಎದ್ದು ಬಂದ ಪದ. ಊಟಕ್ಕೆ ಕೂತಾಗ ಯಾರೂ ಆಡುವುದಿಲ್ಲ. ಮೇಲಾಗಿ, “ಊರಿನವರಿಗೆ ತಿಳಿದರೆ?” ಎಂಬ ಅಂಜಿಕೆ ಬೇರೆ. ಊರು ಬಿಟ್ಟು ಮೂವತ್ತು ವರ್ಷವಾದರೂ ಊರಿನವರ ಬಾಯಿ ನಮ್ಮನ್ನು ಬಿಡುವುದಿಲ್ಲ!

ಹಾಗಾದರೆ ಈ ತಿಳಿವಳಿಕೆಯನ್ನು ಹೇಗೆ ಒದಗಿಸಬೇಕು? ನಮಗೆ ತೋರುವಂತೆ, ಒಂದೇ ಹಾಳೆಗೆ ಎರಡು ಮಗ್ಗುಲಿರಬೇಕು. ಒಂದು ಕಡೆ ಶಾಲೆಯ ಭಾಷೆಯಲ್ಲಿ ಮಗುವಿಗಾಗಿ. ಇನ್ನೊಂದು ಕಡೆ ಅದೇ ವಿಷಯ ಮನೆಮಾತಿನಲ್ಲಿ ತಾಯಿತಂದೆಗಳಿಗಾಗಿ. ಬಾಯಿಬಿಟ್ಟು ಹೇಳಲಾರದ ಮಗು ಹಾಳೆಯನ್ನು ಮಗುಚಿ ಮೇಜಿನ ಮೇಲೆ ಇಟ್ಟರೆ ಸಾಕು. ಒಕ್ಕಣೆಯನ್ನು ಹಿರಿಯರ ಸಮಿತಿ ಬರೆಯಬಾರದು. ಸಂಘದ ಹದಿಹರೆಯದ ಮಕ್ಕಳನ್ನೇ ಕೂಡಿಸಿ, ಹೆಸರಿಲ್ಲದ ಚೀಟಿಗಳಲ್ಲಿ ಅವರು ಏನನ್ನು ಹುಡುಕಿದ್ದರೆಂದು ಬರೆಯಿಸಬೇಕು. ಆ ಪ್ರಶ್ನೆಗಳೇ ಶೀರ್ಷಿಕೆಗಳು. ಉತ್ತರಗಳನ್ನು ಮಾತ್ರ ಮನೋವೈದ್ಯರು ನೋಡಿ ತಿದ್ದಲಿ. “ಅಪ್ಪನಿಗೆ ತಿಳಿಸುತ್ತಾರೆಯೇ?” ಎಂಬುದೇ ಮೊದಲನೆಯ ಪ್ರಶ್ನೆಯಾದರೆ ಆಶ್ಚರ್ಯವಿಲ್ಲ. ಅದಕ್ಕೆ ನುಣುಚಿಕೊಳ್ಳದೆ ಉತ್ತರ ಕೊಡಬೇಕು: ಹೇಳಿದ್ದನ್ನು ಗುಟ್ಟಾಗಿಡುವುದು ಸಲಹೆಗಾರರ ಧರ್ಮ, ಆದರೆ ಜೀವಕ್ಕೆ ಅಪಾಯವಿದ್ದಾಗ ಹಿರಿಯರಿಗೆ ತಿಳಿಸಬೇಕಾಗುವುದು.

ಹಾಳೆ ಎಲ್ಲಿರಬೇಕೆಂಬುದೂ ಸಣ್ಣ ಮಾತಲ್ಲ. ಸಹಾಯವಾಣಿಯ ಸಂಖ್ಯೆಗಳನ್ನು ತರಗತಿ, ಹಾಸ್ಟೆಲುಗಳಲ್ಲಿ ದೊಡ್ಡಕ್ಷರಗಳಲ್ಲಿ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈಯಲ್ಲಿ ವಿಧಿಸಿತು. ಒಳ್ಳೆಯದೇ. ಆದರೆ ಹತ್ತು ಜನರ ಕಣ್ಣೆದುರಿಗೆ ಆ ಸಂಖ್ಯೆಯನ್ನು ಬರೆದುಕೊಳ್ಳುವ ಧೈರ್ಯ ಯಾವ ಹುಡುಗನಿಗಿದೆ? ಸ್ನಾನದ ಮನೆಯ ಬಾಗಿಲ ಒಳಮೈ, ಶಾಲಾ ಡೈರಿಯ ಹಿಂಬದಿಯ ರಟ್ಟು — ಇವು ಗೋಡೆಗಿಂತ ಮೇಲು. ಒಂದೂವರೆ ಕೋಣೆಯ ಮನೆಯಲ್ಲಿ, ತಮ್ಮನೊಡನೆ ಹಂಚಿಕೊಂಡ ಫೋನಿನಲ್ಲಿ, ಗುಟ್ಟೆಂಬುದೇ ದೊಡ್ಡ ಐಶ್ವರ್ಯವಲ್ಲವೇ?

ಸಂಖ್ಯೆಗಳಿಗೇನೂ ಕೊರತೆಯಿಲ್ಲ. ಮಕ್ಕಳ 1098 ಸಹಾಯವಾಣಿ 1996ರಲ್ಲಿ ನಮ್ಮ ಮುಂಬಯಿಯಲ್ಲೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ್ದು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ 10ರಿಂದ 19 ವಯಸ್ಸಿನವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯಗಳುಂಟು. ಮಹಾರಾಷ್ಟ್ರದಲ್ಲಿ ಅವಕ್ಕೆ ‘ಮೈತ್ರಿ’ ಎಂದು ಹೆಸರು, ಕರ್ನಾಟಕದಲ್ಲಿ ‘ಸ್ನೇಹ’. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416; ಹಗಲಿರುಳೂ ನಡೆಯುವ ಈ ಸೇವೆಗೆ ಕಾಸು ಕೊಡಬೇಕಿಲ್ಲ. ಅಲ್ಲಿ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ತರಬೇತಾದ ಸಲಹೆಗಾರರು ಮಾತನಾಡುತ್ತಾರೆ. ಬೇಕಾದರೆ ತಜ್ಞರಿಗೆ ಜೋಡಿಸುತ್ತಾರೆ.

ಕನ್ನಡದ ಮಗ್ಗುಲಲ್ಲಿ ತಾಯಿತಂದೆಗಳಿಗೆ ಎರಡು ಸಂಗತಿಗಳನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಬೇಕು. ಒಂದು, ಮಂಕು ಕವಿದು ಎರಡು ವಾರವಾದರೂ ಸರಿಯದೆ, ನಿದ್ದೆ, ಊಟ, ಓದು, ಗೆಳೆತನ ಕೆಟ್ಟಿದ್ದರೆ ಅದನ್ನು ವಯಸ್ಸಿನ ಚೇಷ್ಟೆಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸತಕ್ಕದ್ದು. ಇನ್ನೊಂದು, ಸಾಯಬೇಕೆನ್ನಿಸುತ್ತಿದೆಯೇ ಎಂದು ಮಗುವನ್ನು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳುವವರೊಬ್ಬರು ಸಿಕ್ಕರೆಂದು ಎಷ್ಟೋ ಮಕ್ಕಳಿಗೆ ಎದೆ ಹಗುರಾಗುತ್ತದೆ. ಹೌದೆಂದರೆ ಬೈಯದೆ, ಅಳದೆ, ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕೂತು, ಅಲ್ಲಿಂದಲೇ 14416ಕ್ಕೆ ಫೋನು ಮಾಡಬಹುದು. ತಾಯಿಯೇ ಮಾಡಬಹುದು, ಕನ್ನಡದಲ್ಲೇ.