ಆನೆಗೊಂದಿಯ ಹರಿಗೋಲು: ಹೊಳೆ ದಾಟಿಸುವ ಕಸುಬಿನ ಗಳಿಕೆ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಗೂ ಎದುರು ದಡದ ಹಂಪಿಗೂ ನಡುವೆ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವುದು ಎಷ್ಟು ಹಳೆಯ ಕಸುಬೆಂಬುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರ ಹೊತ್ತಿಗೆ ಬರೆದಿಟ್ಟ ವಿವರಗಳೇ ಸಾಕ್ಷಿ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಮೈಗೆ ತೊಗಲು ಹೊದಿಸಿದ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು, ಅಗತ್ಯ ಬಿದ್ದರೆ ಎತ್ತು ಕುದುರೆಗಳನ್ನೂ ಹೊರುತ್ತಿದ್ದವೆಂದೂ, ನೇರವಾಗಿ ಸಾಗದೆ ಸುತ್ತುತ್ತಲೇ ಮುಂದುವರಿಯುತ್ತಿದ್ದವೆಂದೂ ಅವನು ದಾಖಲಿಸಿದ್ದಾನೆ. ಆತನಿಗೆ ವಿಚಿತ್ರವಾಗಿ ಕಂಡ ಈ ಆಕಾರಕ್ಕೆ ಕಾರಣವಿರುವುದು ನದಿಯ ತಳದಲ್ಲಿ: ಬಂಡೆಗಳಿಂದ ತುಂಬಿದ ಈ ಪಾತ್ರದಲ್ಲಿ ಚೂಪು ತಳದ ದೋಣಿ ಒಡೆಯುವ ಸಂಭವವೇ ಹೆಚ್ಚು, ಚಪ್ಪಟೆ ತಳದ ಬಿದಿರ ಹೆಣಿಗೆಯಾದರೋ ಗೇಣುದ್ದದ ನೀರಿನಲ್ಲಿಯೂ ತೇಲುತ್ತದೆ, ಕಲ್ಲಿಗೆ ತಗುಲಿದರೂ ಬಾಗಿಕೊಂಡು ಜಾರಿಹೋಗುತ್ತದೆ. ತೊಗಲಿನ ಜಾಗಕ್ಕೆ ಇಂದು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಹುಟ್ಟು ಹಾಕುವ ರೀತಿ ಮಾತ್ರ ಬದಲಾಗಿಲ್ಲ.

ಇದನ್ನು ನಡೆಸುವವರನ್ನು ಅಂಬಿಗರೆಂದು ಕರೆಯುವ ರೂಢಿ ಈ ನದಿಯುದ್ದಕ್ಕೂ ಇದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಾವೇರಿ ಜಿಲ್ಲೆಯ ಚೌಡದಾನಪುರವೂ ಇದೇ ತುಂಗಭದ್ರೆಯ ದಂಡೆಯಲ್ಲಿದ್ದು, ಆತನ ಹೆಸರಿನಲ್ಲಿ ರಾಜ್ಯ ಸರ್ಕಾರದ ಅಭಿವೃದ್ಧಿ ನಿಗಮವೊಂದು ಇದೆ.

ನಾಡಿನ ಬಹುತೇಕ ನದಿಗಳಲ್ಲಿ ಸೇತುವೆ ಕಟ್ಟಿದೊಡನೆ ಕಣ್ಮರೆಯಾದ ಈ ವೃತ್ತಿ ಆನೆಗೊಂದಿಯಲ್ಲಿ ಇಪ್ಪತ್ತೊಂದನೆಯ ಶತಮಾನದವರೆಗೆ ಬಾಳಿದ್ದು ಸ್ವಂತ ಬಲದಿಂದಲ್ಲ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ತಳವಾರಘಟ್ಟದ ಬಳಿ 1990ರ ದಶಕದಲ್ಲಿ ಆರಂಭವಾದ ವಾಹನ ಸೇತುವೆಯ ಕಾಮಗಾರಿಯಿಂದ ಪರಂಪರೆಯ ಪರಿಸರಕ್ಕೆ ಧಕ್ಕೆಯಾಗುತ್ತದೆಂಬ ಆಕ್ಷೇಪವೆದ್ದು, ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತಾದರೂ, ಮತ್ತೆ ಕೈಗೆತ್ತಿಕೊಂಡ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ರಸ್ತೆಯ ಮೂಲಕ ಹೋಗುವವರು ಮೂವತ್ತು ನಲವತ್ತು ಕಿಲೋಮೀಟರ್ ಸುತ್ತಬೇಕಿದ್ದ ಆ ವರ್ಷಗಳಲ್ಲಿ, ರೈತರೂ ಶಾಲೆಯ ಮಕ್ಕಳೂ ಪ್ರವಾಸಿಗರೂ ಹರಿಗೋಲನ್ನೇ ನಂಬಿದ್ದರು. ಬೈಕುಗಳೂ ಅದರಲ್ಲಿಯೇ ದಾಟುತ್ತಿದ್ದವು. ಪರಂಪರೆಯ ಕಾನೂನು ಕಲ್ಲುಗಳ ಜೊತೆಗೆ ಒಂದು ಕಸುಬನ್ನೂ ಕಾಪಾಡಿತೆಂದು ಹೇಳಬಹುದು, ಆದರೆ ಅದು ಯಾರೂ ಉದ್ದೇಶಿಸಿದ ಫಲವಲ್ಲ, ಊರಿನವರಿಗೆ ಬೇಕಾಗಿದ್ದ ಫಲವೂ ಅಲ್ಲ. ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಬೇರೊಂದು ಸೇತುವೆ ತೆರೆದ ಮೇಲೆ ನಿತ್ಯದ ಪ್ರಯಾಣಿಕರು ಸಹಜವಾಗಿಯೇ ಆ ಕಡೆ ಹೊರಳಿದರು.

ಹೀಗೆ ಸಾರಿಗೆಯಾಗಿದ್ದ ಕೆಲಸ ವಿಹಾರವಾಗಿ ಮಾರ್ಪಟ್ಟಾಗ ಗಳಿಕೆಯ ಸ್ವರೂಪವೂ ಬದಲಾಯಿತು. ದಾಟಿಸುವವನಿಗೆ ತಲೆಗಿಷ್ಟೆಂದು ಸಣ್ಣ ಮೊತ್ತವಾದರೂ ದಿನವೂ ಕೈಸೇರುತ್ತಿತ್ತು. ಸುತ್ತಾಡಿಸುವವನಿಗೆ ಒಂದೇ ಸುತ್ತಿಗೆ ಹೆಚ್ಚು ಹಣ ಸಿಗುತ್ತದೆ, ಆದರೆ ಅದು ಚಳಿಗಾಲದ ತಿಂಗಳುಗಳಿಗೂ ರಜಾ ದಿನಗಳಿಗೂ ಸೀಮಿತ. ಮಳೆಗಾಲದಲ್ಲಿ ಮೇಲ್ಭಾಗದ ತುಂಗಭದ್ರಾ ಜಲಾಶಯದ ಗೇಟುಗಳನ್ನು ತೆರೆದರೆ ಹೊಳೆಗೆ ಇಳಿಯುವಂತೆಯೇ ಇಲ್ಲ. 2024ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಕೆಳಪಾತ್ರದವರಿಗೆಲ್ಲ ಎಚ್ಚರಿಕೆ ನೀಡಬೇಕಾಯಿತು. ಅದಕ್ಕೂ ಮೊದಲು, ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ವಸತಿಗೃಹಗಳನ್ನು ತೆರವುಗೊಳಿಸಿದ್ದರಿಂದ ಅಲ್ಲಿನ ಪ್ರವಾಸಿ ಗಿರಾಕಿ ಕರಗಿದ್ದು, ಅದೇ ತಿಂಗಳು ದೇಶವೇ ಲಾಕ್‌ಡೌನ್‌ಗೆ ಒಳಗಾಯಿತು.

ಇಂಥ ದುಡಿಮೆಯನ್ನು ದೇಶದ ವೇತನದ ಅಂಕಿಗಳ ಪಕ್ಕದಲ್ಲಿಟ್ಟು ನೋಡುವುದು ಸುಲಭವಲ್ಲ. ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆಯು, ಅಂದರೆ ಯಾರು ಯಾವ ಕೆಲಸದಲ್ಲಿದ್ದಾರೆ, ಎಷ್ಟು ಗಳಿಸುತ್ತಾರೆ ಎಂಬುದನ್ನು ಕಾಲಕಾಲಕ್ಕೆ ಮನೆಮನೆಯಿಂದ ತಿಳಿಯುವ ಲೆಕ್ಕವು, ದುಡಿಯುವವರನ್ನು ಸಂಬಳದಾರರು, ದಿನಗೂಲಿಯವರು, ಸ್ವಂತ ಉದ್ಯೋಗಿಗಳು ಎಂದು ವಿಂಗಡಿಸುತ್ತದೆ. 2017ರ ಮಧ್ಯಭಾಗದಲ್ಲಿ 294 ರೂಪಾಯಿ ಇದ್ದ ಸರಾಸರಿ ದಿನಗೂಲಿ 2024ರ ಏಪ್ರಿಲ್–ಜೂನ್ ವೇಳೆಗೆ 433ಕ್ಕೂ, ತಿಂಗಳ ಸಂಬಳ 16,538ರಿಂದ 21,103ಕ್ಕೂ ಏರಿದವು. ಅಂಬಿಗ ಸೇರುವುದು ಮೂರನೆಯ ಗುಂಪಿಗೆ. 2023–24ರಲ್ಲಿ ದೇಶದ ದುಡಿಯುವವರಲ್ಲಿ ಶೇ 58.4ರಷ್ಟು ಜನ ಇದೇ ಗುಂಪಿನವರಾಗಿದ್ದರು. ಬಾಡಿಗೆ, ಬಿದಿರು, ಡಾಂಬರು, ಖಾಲಿ ಕುಳಿತ ದಿನಗಳು ಇವನ್ನೆಲ್ಲ ಕಳೆದು ಉಳಿಯುವುದೇ ಅವನ ಗಳಿಕೆಯಾದ್ದರಿಂದ, ಒಂದು ತಿಂಗಳ ಸರಾಸರಿ ಅವನ ವರ್ಷವನ್ನು ಹೇಳಲಾರದು.

ಅವನ ಆಯ್ಕೆಯನ್ನು ಹೆಚ್ಚು ನಿಖರವಾಗಿ ತೋರಿಸುವುದು ಊರಿನಲ್ಲೇ ಸಿಗುವ ಪರ್ಯಾಯ ಕೂಲಿ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2019–20ರಲ್ಲಿ 249 ರೂಪಾಯಿ ಇದ್ದದ್ದು 2025–26ಕ್ಕೆ 370 ರೂಪಾಯಿಯಾಯಿತು. ಹೊಳೆಯಲ್ಲಿ ಒಂದು ಒಳ್ಳೆಯ ಭಾನುವಾರ ಇದನ್ನು ಸುಲಭವಾಗಿ ಮೀರಿಸಬಹುದು, ಆದರೆ ನೀರು ಬಿಟ್ಟ ವಾರದಲ್ಲಿ ಗಳಿಕೆ ಸೊನ್ನೆ. ಹಾಗಾಗಿ ಹರಿಗೋಲು ಕುಟುಂಬದ ಏಕೈಕ ಆಧಾರವಾಗಿ ಉಳಿಯುವುದು ಕಷ್ಟ. ಆನೆಗೊಂದಿಯ ಹೆಂಗಸರು ಬಾಳೆಪಟ್ಟೆಯ ಹಗ್ಗ ಹೊಸೆದು ಚೀಲ, ಚಾಪೆ ಹೆಣೆಯುವ ಕೆಲಸದಲ್ಲಿ ತೊಡಗಿರುವುದನ್ನೂ ಈ ಹಿನ್ನೆಲೆಯಲ್ಲಿ ಕಾಣಬೇಕು.

ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ, ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 2022ರ ರಾಜ್ಯ ಬಜೆಟ್ 100 ಕೋಟಿ ರೂಪಾಯಿ ಘೋಷಿಸಿತು. ಬೆಟ್ಟಕ್ಕೆ ಬರುವ ಭಕ್ತರ ಗುಂಪು ಹಿಗ್ಗಿದಷ್ಟೂ ಸಮೀಪದ ಸಾಣಾಪುರದ ಕೆರೆಯ ಹರಿಗೋಲುಗಳಿಗೂ ಗಿರಾಕಿ ಹೆಚ್ಚಬಹುದು. ಆದರೆ ಆ ಹಣದ ಪಾಲು ಹುಟ್ಟು ಹಿಡಿದವನಿಗೆ ಎಷ್ಟು, ಹರಿಗೋಲಿನ ಒಡೆಯನಿಗೆ ಎಷ್ಟು ಎಂಬುದು ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಯಂತ್ರವಿಲ್ಲದ ದೋಣಿಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಲು 2021ರ ಒಳನಾಡು ಹಡಗುಗಳ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಆ ಹೆಸರನ್ನು ಬರೆಯುವ ಮೊದಲ ಪುಸ್ತಕ ಗ್ರಾಮ ಪಂಚಾಯಿತಿಯ ಮೇಜಿನ ಮೇಲೆಯೇ ಇರಬಹುದು.